ಟ್ರಾಲಿಗೂ ಒಂದು ಸ್ಟೆಪ್ನಿ

ಭಾವನದು ಶಾಮಿಯಾನ, ಜನರೇಟರ್ ಬಾಡಿಗೆ ಕೊಡುವ ವ್ಯಾಪಾರ. ಮದುವೆ ಸೀಸನ್‌ನಲ್ಲಿ ಡ್ರೈವರ್ ಸಿಗದಿದ್ದರೆ ನನಗೇ ಫೋನು. ಅವತ್ತು ಜೀಪಿಗೆ ಜನರೇಟರ್ ಟ್ರಾಲಿ ಕಟ್ಟಿಕೊಂಡು ಪೀಣ್ಯದಿಂದ ನೆಲಮಂಗಲದ ಛತ್ರಕ್ಕೆ ಹೊರಟಿದ್ದೆವು.

ಮಾಕಳಿ ಹತ್ತಿರ ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು ಹಿಂದಕ್ಕೆ ಕೈ ತೋರಿಸಿ ಕೂಗಿದ. ಟ್ರಾಲಿಯ ಎಡಗಡೆ ಟೈರ್ ಕೂತಿತ್ತು. ಸ್ಟೇರಿಂಗಿಗೆ ಒಂಚೂರೂ ಗೊತ್ತಾಗಿರಲಿಲ್ಲ. ಜೀಪಿನ ಟೈರಾಗಿದ್ದರೆ ಎಳೆತದಲ್ಲೇ ತಿಳಿಯುತ್ತಿತ್ತು. ಟ್ರಾಲಿಯದ್ದು ಚಿಂದಿಯಾದರೂ ಸುಮ್ನೆ ಹಿಂದೆ ಬರುತ್ತಿರುತ್ತದೆ.

"ಇಲ್ಲಿ ಬೇಡ, ಮೆಲ್ಲಗೆ ಸರ್ವಿಸ್ ರಸ್ತೆಗೆ ಇಳಿಸು. ಟೈರ್ ಹೋದರೆ ಹೋಗಲಿ, ಗಟ್ಟಿ ನೆಲ ಬೇಕು" ಅಂದರು ಭಾವ. ಅಷ್ಟು ಭಾರಕ್ಕೆ ಮಣ್ಣಲ್ಲಿ ಜಾಕಿ ಹೂತುಹೋಗುತ್ತದೆ.

ಟ್ರಾಲಿಯನ್ನು ಕಳಚಲಿಲ್ಲ. ಜೀಪ್ ಹಿಡಿದಿದ್ದರೇ ಅದು ನಿಲ್ಲೋದು, ಅಲ್ವಾ? ಹ್ಯಾಂಡ್‌ಬ್ರೇಕ್ ಎಳೆದು, ಗೇರಲ್ಲಿ ಬಿಟ್ಟು, ಬಲಚಕ್ರದ ಹಿಂದೆ ಮುಂದೆ ಮರದ ತುಂಡು ಒತ್ತಿದೆವು. ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಟ್ಟು ಬಂದೆ.

ಭಾವನ ಅಸಲಿ ತಯಾರಿ ಇದ್ದದ್ದು ಟ್ರಾಲಿಯ ಮೂತಿಗೆ ಬೋಲ್ಟ್ ಹಾಕಿದ ತಗಡಿನ ಪೆಟ್ಟಿಗೆಯಲ್ಲಿ. ಜೀಪಿನ ಪಾನಾ ಟ್ರಾಲಿ ನಟ್ಟಿಗೆ ಕೂರೋದಿಲ್ಲ, ಅದರ ಜಾಕಿ ಈ ತೂಕಕ್ಕೆ ಸಾಲೋದಿಲ್ಲ. ಗೋಡೌನಿನಲ್ಲಿ ಜನರೇಟರ್ ಹೇರಿಕೊಂಡೇ ಚಕ್ರ ಬಿಚ್ಚಿಸಿ ನೋಡಿದ್ದರಿಂದ ಇದು ಮೊದಲೇ ತಿಳಿದಿತ್ತು. ಹಾಗಾಗಿ ಟ್ರಾಲಿಯದೇ ಪಾನಾ, ಹಿಡಿಗೆ ಹಳದಿ ಬಣ್ಣ. ಪುಟ್ಟ ಹೈಡ್ರಾಲಿಕ್ ಜಾಕಿ, ದಪ್ಪ ಹಲಗೆ, ಟಾರ್ಚು. ಸ್ಟೆಪ್ನಿಗೆ ಸಿಮೆಂಟ್ ಚೀಲ ಸುತ್ತಿದ್ದರು. ಟ್ರಾಲಿ ಟೈರ್ ಓಡಿ ಸವೆಯೋದಕ್ಕಿಂತ ನಿಂತಲ್ಲೇ ಬಿಸಿಲಿಗೆ ಬಿರುಕು ಬಿಡೋದೇ ಜಾಸ್ತಿ. ಸ್ಟೆಪ್ನಿ ಟೈರಿನ ಮಗ್ಗುಲಲ್ಲಿ 2123 ಅಂತಿತ್ತು. ಅಂದರೆ 2023ರ 21ನೇ ವಾರ ತಯಾರಾದದ್ದು. ಪೆಟ್ರೋಲ್ ಬಂಕಿಗೆ ಹೋದಾಗೆಲ್ಲ ಇದಕ್ಕೂ ಗಾಳಿ ನೋಡಿಸುತ್ತಾರೆ.

ಅಷ್ಟರಲ್ಲಿ ಸಲಹೆಗಾರರು ಸೇರಿದರು. ಒಬ್ಬರು ಹೈವೇ ಸಹಾಯವಾಣಿ 1033ಕ್ಕೆ ಫೋನ್ ಮಾಡಿ ಅಂದರು. ಒಳ್ಳೆ ಮಾತೇ, ಆದರೆ ಅವರು ನಮ್ಮ ಅಳತೆಯ ಚಕ್ರ ತರುತ್ತಾರಾ? ಇನ್ನೊಬ್ಬರು ಫ್ರೇಮಿನ ಮೂಲೆಗೆ ಜಾಕಿ ಕೊಡಿ ಅಂದರು. ಭಾವ ಕೇಳಿಸದವರಂತೆ ಆಕ್ಸಲ್ ಕೆಳಗೆ, ಪಟ್ಟೆ ಸ್ಪ್ರಿಂಗಿನ ಹತ್ತಿರ ಇಟ್ಟರು. ಚಕ್ರ ನೆಲದಲ್ಲಿರುವಾಗಲೇ ನಟ್ಟು ಸಡಿಲಿಸಿದ್ದೆ. ಮೇಲೆತ್ತಿದರೆ ಪಾನಾ ಜೊತೆ ಚಕ್ರವೂ ತಿರುಗುತ್ತದೆ. ಸ್ಟೆಪ್ನಿ ಹಾಕಿ, ಒಂದು ಬಿಟ್ಟು ಒಂದರಂತೆ ಬಿಗಿದೆ.

ಛತ್ರದಲ್ಲಿ ಅಡುಗೆಯವರು "ಕರೆಂಟ್ ಎಲ್ರೀ?" ಅಂತ ಕೂಗುತ್ತಿದ್ದರು. ಭಾವ ಮೊದಲು ನಟ್ಟುಗಳಿಗೆ ಇನ್ನೊಮ್ಮೆ ಪಾನಾ ಹಾಕಿ ನೋಡಿದರು, ಆಮೇಲೆ ಜನರೇಟರ್. ನನಗೆ ಊಟಕ್ಕೂ ಬಿಡಲಿಲ್ಲ. ರಾತ್ರಿ ವಾಪಸ್ ಬರೋಕೆ ಸ್ಟೆಪ್ನಿ ಬೇಕಲ್ಲ, ಕೂತ ಟೈರ್ ಹೊತ್ತು ಪಂಚರ್ ಅಂಗಡಿಗೆ ಹೋದೆ.