ಮೋಡವಿಲ್ಲದೆ ಹಳ್ಳ ಬಂದ ದಿನ

ನಮ್ಮೂರು ಶಿರಹಟ್ಟಿಯ ಹತ್ತಿರ. ಹಳ್ಳ ಬರುವುದೆಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಪ್ಪತಗುಡ್ಡದ ಮೇಲೆ ಕರಿಮೋಡ ಕವಿಯಿತೆಂದರೆ ಸಾಕು, ಎತ್ತು ಹೊಡೆದುಕೊಂಡು ಹಳ್ಳದ ಈಚೆ ದಂಡೆಗೆ ಬಂದುಬಿಡುತ್ತಿದ್ದೆವು. ಮೋಡ ಮೊದಲು, ಹಳ್ಳ ಆಮೇಲೆ. ನಲವತ್ತೈದು ವರ್ಷಗಳಲ್ಲಿ ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಲಡಾಖಿನ ಕೊರ್ಜೋಕ್‌ನಲ್ಲಿ ತಪ್ಪಿತು.

ಕೊರ್ಜೋಕ್ ಎಂಬುದು ತ್ಸೋ ಮೊರಿರಿ ಸರೋವರದ ವಾಯವ್ಯ ದಂಡೆಯ ಪುಟ್ಟ ಊರು. ಒಂದು ಗೊಂಪಾ, ಅಂದರೆ ಬೌದ್ಧ ಮಠ, ಅದರ ಬುಡದಲ್ಲಿ ಒತ್ತೊತ್ತಾಗಿ ಮನೆಗಳು, ಕೆಳಗೆ ಕೆರೆಯತ್ತ ಇಳಿಯುವ ಅಂಗೈಯಷ್ಟು ಬಾರ್ಲಿ ಹೊಲಗಳು. ಎತ್ತರ ಸುಮಾರು 4,500 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಎರಡು ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಇಟ್ಟರೂ ಕೊರ್ಜೋಕ್‌ನ ಅಂಗಳಕ್ಕೆ ಏಣಿ ಬೇಕಾಗುತ್ತದೆ. ಊರಲ್ಲಿ ನೆರಳಿಗೆಂದು ನಿಲ್ಲಲು ಮರವಿಲ್ಲ. ಒಲೆಗೆ ಸಗಣಿ, ಆಡಿನ ಹಿಕ್ಕೆ. ಗೋಡೆಗೆ ಒರಗಿಸಿಟ್ಟ ಕುಳ್ಳಿನ ಒಟ್ಟಿಲು ನೋಡಿದಾಗ ಮಾತ್ರ ಒಂದು ಕ್ಷಣ ಮನೆಗೆ ಬಂದಂತಾಯಿತು.

ಲೇಹ್‌ನಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್. ಸಿಂಧೂ ನದಿಯ ಪಕ್ಕದಲ್ಲೇ ಸಾಗಿ, ಚುಮಾಥಾಂಗ್‌ನ ಬಿಸಿನೀರಿನ ಬುಗ್ಗೆ ದಾಟಿ, ಮಾಹೆ ಸೇತುವೆಯಲ್ಲಿ ಪರವಾನಗಿ ತೋರಿಸಿ ಬೆಟ್ಟದೊಳಗೆ ತಿರುಗಿದರೆ ಆಮೇಲೆ ಹಸಿರು ಎಂಬುದು ಹಳ್ಳದ ಅಂಚಿಗೆ ಮಾತ್ರ. ನಾವು ಮೂವರು ಗೆಳೆಯರು ಸಂಜೆ ಐದರ ಹೊತ್ತಿಗೆ ತಲುಪಿದೆವು. ರಾತ್ರಿಯನ್ನು ಹೇಗೆ ಕಳೆದೆನೆಂದು ವಿವರಿಸುವುದಿಲ್ಲ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 60ರಷ್ಟೂ ಇಲ್ಲ. ಮಗ್ಗುಲು ಬದಲಿಸಿದರೂ ಓಡಿಬಂದಂತೆ ಏದುಸಿರು. ನೀರು ಸುಮಾರು 85 ಡಿಗ್ರಿಗೇ ಕುದಿಯುವುದರಿಂದ ಅನ್ನ ಕುಕ್ಕರ್ ಇಲ್ಲದೆ ಬೇಯುವುದಿಲ್ಲ. ನಾವು ಉಳಿದುಕೊಂಡಿದ್ದ ಮನೆಯ ಒಡತಿಯನ್ನು ಎಲ್ಲರೂ ಅಮಾಲೇ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಬೆಣ್ಣೆ, ಉಪ್ಪು ಹಾಕಿದ ಚಹಾವನ್ನು ಅವರು ಲೋಟ ಬರಿದಾಗಲು ಬಿಡದೆ ತುಂಬುತ್ತಲೇ ಇದ್ದರು. ಮೂರನೆಯ ಲೋಟದ ಹೊತ್ತಿಗೆ ಅದನ್ನು ಚಹಾ ಎಂದುಕೊಳ್ಳುವುದನ್ನು ಬಿಟ್ಟು ಸಾರು ಎಂದುಕೊಂಡೆ. ಅಲ್ಲಿಂದ ರುಚಿಸತೊಡಗಿತು.

ಬೆಳಿಗ್ಗೆ ಆರಕ್ಕೆ ಕೆರೆಯ ದಂಡೆಗೆ ಹೋದೆ. ಕೆರೆ ಎನ್ನಲು ನಾಲಿಗೆ ಹಿಂಜರಿಯುತ್ತದೆ: 120 ಚದರ ಕಿಲೋಮೀಟರ್ ನೀರು, ಅತಿ ಆಳವಾದಲ್ಲಿ ನೂರು ಮೀಟರ್‌ಗೂ ಹೆಚ್ಚು. ಆಚೆ ದಂಡೆಯಲ್ಲಿ 6,600 ಮೀಟರ್ ದಾಟಿದ ಚಾಮ್ಸರ್, ಲುಂಗ್ಸರ್ ಶಿಖರಗಳು. ಇಷ್ಟು ನೀರಿದ್ದರೂ ಊರವರು ಅದರಲ್ಲಿ ಒಂದು ಕೊಡವನ್ನೂ ಕುಡಿಯಲು ತುಂಬುವುದಿಲ್ಲ. ಈ ಸರೋವರಕ್ಕೆ ಕೋಡಿಯಿಲ್ಲ. ಬೆಟ್ಟದ ಹಳ್ಳಗಳು ತಂದು ಸುರಿದ ನೀರು ಆವಿಯಾಗಿ ಮೇಲೆ ಹೋಗುತ್ತದೆ, ಜೊತೆಗೆ ಬಂದ ಲವಣ ಇಲ್ಲೇ ಕೂರುತ್ತದೆ. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡೆ. ಸವುಳು. ಬೇಸಿಗೆಯಲ್ಲಿ ತಳ ಕಾಣುವ ನಮ್ಮ ಕೊಳವೆಬಾವಿಗಳ ನೀರಿನ ರುಚಿ.

ಆಗ ಅವು ಕಂಡವು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಗೀರು. ಪಟ್ಟೆತಲೆ ಹೆಬ್ಬಾತು! ಚಳಿಗಾಲದಲ್ಲಿ ನಮ್ಮ ಮಾಗಡಿ ಕೆರೆಗೆ ಸಾವಿರಗಟ್ಟಲೆ ಬಂದಿಳಿಯುವ ಹಕ್ಕಿ. ನಸುಕಿನಲ್ಲಿ ಕಡಲೆ ಹೊಲಕ್ಕೆ ಇಳಿದು ಮೇಯ್ದು, ಬಿಸಿಲೇರುವ ಹೊತ್ತಿಗೆ ಗಂಟಲು ಬಿಚ್ಚಿ ಕೂಗುತ್ತ ಕೆರೆಗೆ ಮರಳುವ ಅವುಗಳನ್ನು ಬೈದುಕೊಳ್ಳುತ್ತಲೇ ಕಾಯ್ದುಕೊಂಡು ಬಂದವರು ನಮ್ಮ ಜನ. ಆದರೆ ಇವುಗಳ ಮರಿಯನ್ನು ನಮ್ಮೂರಲ್ಲಿ ಕಂಡವರಿಲ್ಲ. ಇಲ್ಲಿ ಒಂದು ಜೋಡಿಯ ನಡುವೆ ನಾಲ್ಕು ಮರಿಗಳಿದ್ದವು, ಹಳದಿ ಬೆರೆತ ಬೂದು ಬಣ್ಣದ ತುಪ್ಪಳದ ಉಂಡೆಗಳು. ಮುಂದೆ ಒಂದು ದೊಡ್ಡದು, ಹಿಂದೆ ಒಂದು ದೊಡ್ಡದು, ನಡುವೆ ನಾಲ್ಕು ಸಾಲಾಗಿ. ಕೊನೆಯದು ಅಲೆಗೆ ಓರೆಯಾಗಿ ಮತ್ತೆ ಮತ್ತೆ ಸಾಲು ತಪ್ಪುತ್ತಿತ್ತು. ನಾನು ಎರಡು ಹೆಜ್ಜೆ ಮುಂದಿಟ್ಟಾಗ ದೊಡ್ಡವು ಹಾರಲಿಲ್ಲ, ನೀರಿನ ನಡುವಿಗೆ ಈಜಿದವು. ಮರಿ ಮಾಡಿದ ಮೇಲೆ ಇವುಗಳ ರೆಕ್ಕೆಯ ದೊಡ್ಡ ಗರಿಗಳು ಒಮ್ಮೆಗೇ ಉದುರಿ, ಹೊಸದು ಬರುವವರೆಗೆ ಕೆಲವು ವಾರ ಹಾರಲಾಗುವುದಿಲ್ಲ. ಹಿಮಾಲಯವನ್ನೇ ದಾಟುವ ಹಕ್ಕಿ ಊರ ನಾಯಿಗೆ ಹೆದರಬೇಕಾದ ಕಾಲ ಅದು. ನಾಯಿಗಳೂ ದಂಡೆಯಲ್ಲೇ ಇದ್ದವು. ಪ್ರವಾಸಿಗರು ಬಿಟ್ಟ ಬಿಸ್ಕತ್ತು, ನೂಡಲ್ಸ್ ತಿಂದು ದುಂಡಗಾದವು.

ಇವೇ ಹಕ್ಕಿಗಳು ಮಾಗಡಿಗೆ ಬರುತ್ತವೆಂದು ನಾನು ಆಣೆ ಮಾಡಲಾರೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಆದರೂ ಆ ಹೊತ್ತಿನಲ್ಲಿ ಅವು ನನಗೆ ನಮ್ಮೂರ ಕಡೆಯವೇ.

ಒಂಬತ್ತರ ಸುಮಾರಿಗೆ ನಾನೊಬ್ಬನೇ ಊರ ಹಿಂದಿನ ಕಣಿವೆ ಹತ್ತಿದೆ. ಗೆಳೆಯರಿಬ್ಬರಿಗೂ ತಲೆನೋವು ಇಳಿದಿರಲಿಲ್ಲ. ಆ ಕಣಿವೆಗೆ ಕೊರ್ಜೋಕ್ ಫು ಎನ್ನುತ್ತಾರೆ. ಬೇಸಿಗೆಯಲ್ಲಿ ಚಾಂಗ್‌ಪಾ ಜನ ಯಾಕ್, ಕುರಿ, ಪಶ್ಮಿನಾ ಆಡುಗಳೊಂದಿಗೆ ಅಲ್ಲಿ ಬೀಡು ಬಿಡುತ್ತಾರೆ. ಆಚೆ ದಂಡೆಯಲ್ಲಿ ಯಾಕ್ ಕೂದಲಿನ ಕಪ್ಪು ಡೇರೆಗಳು ಕಂಡವು. ನಡುವೆ ಹಳ್ಳ. ಪ್ಯಾಂಟು ಮಡಚಿ, ಶೂ ಕೈಯಲ್ಲಿ ಹಿಡಿದು ದಾಟಿದೆ. ಮೀನಖಂಡದವರೆಗೂ ನೀರಿರಲಿಲ್ಲ. ಡೇರೆಯೊಂದರಲ್ಲಿ ಮೊಸರು ಕೊಟ್ಟರು, ಆಡು ಹಿಂಡುವುದನ್ನು ನೋಡಿದೆ. ಆಡುಗಳನ್ನು ಎದುರುಬದುರು ಎರಡು ಸಾಲಾಗಿ ನಿಲ್ಲಿಸಿ, ಕೊರಳುಗಳನ್ನು ಒಂದಕ್ಕೊಂದು ಹೆಣೆದಂತೆ ಒಂದೇ ಹಗ್ಗದಲ್ಲಿ ಬಿಗಿದು, ಹಿಂದಿನಿಂದ ಹಾಲು ಕರೆಯುತ್ತಾರೆ. ಕೊನೆಗೆ ಹಗ್ಗದ ಒಂದೇ ತುದಿ ಎಳೆದರೆ ಸಾಲಿಗೆ ಸಾಲೇ ಬಿಚ್ಚಿಕೊಳ್ಳುತ್ತದೆ. ನೋಡುತ್ತ ಕುಳಿತವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಮಧ್ಯಾಹ್ನದ ಗಾಳಿ ಎದ್ದು ಡೇರೆಯ ಅಂಚು ಬಡಿಯತೊಡಗಿದಾಗ ಎದ್ದೆ.

ನಾಲ್ಕು ಗಂಟೆಗೆ ಹಳ್ಳದ ಬಳಿ ಬಂದರೆ, ಹಳ್ಳ ಬಂದಿದೆ!

ತಲೆಯೆತ್ತಿ ನೋಡಿದೆ. ಆಕಾಶದಲ್ಲಿ ಅರಳೆಯಷ್ಟೂ ಮೋಡವಿಲ್ಲ. ಬೆಳಿಗ್ಗೆ ನಾನು ಕಾಲಿಟ್ಟು ದಾಟಿದ್ದ ಕಲ್ಲುಗಳು ಒಂದೂ ಕಾಣುತ್ತಿಲ್ಲ. ನೀರು ಬೂದಿ ಕಲಸಿದಂತಿತ್ತು, ತಳದಲ್ಲಿ ಕಲ್ಲು ಉರುಳುವ ಗಡಗಡ ಸದ್ದು. ಎದೆ ಧಸಕ್ಕೆಂದಿತು. ಹಳ್ಳದಲ್ಲಿ ಬೆಳೆದವನೆಂಬ ಜಂಬದಲ್ಲಿ ಒಂದು ಕಾಲಿಟ್ಟೆ. ಮೊಣಕಾಲಿನ ಮೇಲೆ ಬಂತು, ತಂಪು ಮೂಳೆಗೇ ಇರಿಯಿತು, ಕಾಲು ಹಿಂತೆಗೆದೆ. ಡೇರೆಯಿಂದ ನೋಡುತ್ತಿದ್ದ ಮುದುಕರೊಬ್ಬರು ನಿಧಾನವಾಗಿ ಇಳಿದು ಬಂದರು. ಅವರಿಗೆ ಹಿಂದಿ ಅಷ್ಟಕ್ಕಷ್ಟೆ. ಮೊದಲು ಸೂರ್ಯನನ್ನು ತೋರಿಸಿದರು, ಆಮೇಲೆ ಕಣಿವೆಯ ತುದಿಯ ಬಿಳಿ ನೆತ್ತಿಯನ್ನು, ಆಮೇಲೆ ನೀರನ್ನು. ಕೊನೆಗೆ ನನ್ನನ್ನು ತೋರಿಸಿ ನಕ್ಕರು.

ಅಷ್ಟರಲ್ಲಿ ಭೂಗೋಳ ಪಾಠ ಮುಗಿದಿತ್ತು. ಇಲ್ಲಿ ಹಳ್ಳ ತುಂಬಿಸುವವನು ಸೂರ್ಯ. ರಾತ್ರಿ ಮೇಲೆ ಹಿಮ ಹೆಪ್ಪುಗಟ್ಟಿರುತ್ತದೆ, ಬೆಳಿಗ್ಗೆ ಹಳ್ಳ ಸಣಕಲು. ಹಗಲಿಡೀ ಬಿಸಿಲು ಹೊಡೆದು ಕರಗಿದ ನೀರು ಸಂಜೆಯ ಹೊತ್ತಿಗೆ ಕೆಳಗೆ ಬರುತ್ತದೆ. ಬಾನು ಎಷ್ಟು ಶುಭ್ರವೋ ಹಳ್ಳ ಅಷ್ಟು ಜೋರು. ಮುದುಕರು ನನ್ನನ್ನು ಅರ್ಧ ಕಿಲೋಮೀಟರ್ ಮೇಲಕ್ಕೆ, ಹಳ್ಳ ನಾಲ್ಕೈದು ಕವಲಾಗಿ ಹರಡಿಕೊಂಡ ಕಡೆಗೆ ಕರೆದೊಯ್ದರು. ತುಂಬಿದ ಹಳ್ಳವನ್ನು ಹರವಾದಲ್ಲಿ ದಾಟಬೇಕೆಂಬುದು ನಮ್ಮಲ್ಲೂ ಎಲ್ಲರಿಗೂ ಗೊತ್ತು. ಗಾಬರಿಯಲ್ಲಿ ನನಗೆ ಮರೆತಿತ್ತು. ಅಂಗೈ ಹಿಡಿಯದೆ ಮಣಿಕಟ್ಟು ಹಿಡಿದು ದಾಟಿಸಿದರು. ಒದ್ದೆ ಕೈ ಜಾರುತ್ತದೆ, ಮಣಿಕಟ್ಟು ಜಾರುವುದಿಲ್ಲ.

ಮಳೆಯ ಮಾತು ಬಂದದ್ದು ಆ ರಾತ್ರಿ. ಬೆಟ್ಟದ ಮೇಲೆ ಒಂದು ಮೋಡ ಕಾಣಿಸಿಕೊಂಡಿತ್ತು. ಗದಗದವನು ಮೋಡ ಕಂಡರೆ ಹಿಗ್ಗುತ್ತಾನೆ. ಮಳೆ ಬರಬಹುದೇ ಎಂದು ಅಮಾಲೇಯನ್ನು ಉತ್ಸಾಹದಿಂದಲೇ ಕೇಳಿದೆ. ಅವರು ಉತ್ತರಿಸದೆ ಏಣಿ ಹತ್ತಿ ಮಾಳಿಗೆಗೆ ಹೋದರು. ನಾನೂ ಹಿಂದೆ ಹೋದೆ. ಥೇಟ್ ನಮ್ಮ ಕಡೆಯ ಮೇಲ್ಮುದ್ದೆ: ತೊಲೆ, ಕಡ್ಡಿ, ಅದರ ಮೇಲೆ ಮಣ್ಣು. ಬಿರುಕು ಬಿಟ್ಟಲ್ಲಿ ಅವರು ಕಾಲಿನಿಂದ ಮಣ್ಣು ತುಳಿದರು. ಮಳೆಗಾಲಕ್ಕೆ ಮುನ್ನ ಅವ್ವ ಕರಲು ಮಣ್ಣು ಹಾಕಿಸುತ್ತಿದ್ದುದು ನೆನಪಾಯಿತು. ವ್ಯತ್ಯಾಸವೆಂದರೆ ನಮ್ಮ ಮಾಳಿಗೆ ವರ್ಷಕ್ಕೆ 600 ಮಿಲಿಮೀಟರ್ ಮಳೆಗೆ ಸಿದ್ಧವಾಗಿರುತ್ತದೆ. ಲೇಹ್‌ನಲ್ಲಿ ಹಿಮವನ್ನೂ ಸೇರಿಸಿ ಸರಾಸರಿ ಸುಮಾರು 100. ಮುಂಗಾರಿನ ಮೋಡಗಳು ಹಿಮಾಲಯದ ಆಚೆ ಮಗ್ಗುಲಲ್ಲೇ ಬರಿದಾಗುತ್ತವೆ. ಈ ಮನೆಗಳು ಮಳೆಯಿಲ್ಲವೆಂಬ ನಂಬಿಕೆಯ ಮೇಲೆ ನಿಂತಿವೆ. 2010ರ ಆಗಸ್ಟ್‌ನ ಒಂದು ರಾತ್ರಿ ಲೇಹ್‌ನಲ್ಲಿ ಮೇಘಸ್ಫೋಟವಾಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಚಳಿಗಾಲದಲ್ಲಿ ಹಿಮ ಅತಿಯಾದರೂ ಕಷ್ಟವೇ. ಹುಲ್ಲು ಮುಚ್ಚಿಹೋಗಿ ಆಡುಗಳು ಸಾಯುತ್ತವೆ.

"ನಮಗೆ ಬೇಕಾದ ನೀರು ಹಳ್ಳದಲ್ಲಿ ಬರುತ್ತದೆ. ಮೇಲಿನಿಂದ ಬೀಳುವುದು ಬೇಡ," ಎಂದರು ಅಮಾಲೇ, ಹಿಂದಿಯಲ್ಲಿ, ಇನ್ನೊಂದು ಬಿರುಕು ತುಳಿಯುತ್ತ. ಮೋಡ ಹತ್ತು ನಿಮಿಷದಲ್ಲಿ ಕರಗಿತು. ನಾನು ಆಯಿತು ಬಿಡಿ ಎಂಬಂತೆ ನಿಟ್ಟುಸಿರು ಬಿಟ್ಟೆ. ಮೋಡ ಹೋದದ್ದಕ್ಕೆ ಜೀವನದಲ್ಲಿ ಮೊದಲ ಸಲ.

ಮೂರನೆಯ ದಿನ ಲೇಹ್‌ಗೆ ಮರಳಿದ ಮೇಲೆ ಅಪ್ಪನಿಗೆ ಫೋನ್ ಮಾಡಿದೆ. ಹಳ್ಳದ ಕತೆ ಹೇಳಿದರೆ ಬೈಯುತ್ತಾನೆಂದು ಹೆಬ್ಬಾತಿನ ಸುದ್ದಿ ಹೇಳಿದೆ.

"ಮರಿ ಕಂಡೆಯಾ? ನಿಜವಾಗಿ?" ಎಂದ. ಸ್ವಲ್ಪ ಹೊತ್ತು ಮಾತಿಲ್ಲ. "ಎಷ್ಟಿದ್ದವು?"

"ನಾಲ್ಕು."

"ಅಷ್ಟೂ ಬದುಕಿ ಇಲ್ಲಿಗೇ ಬಂದರೆ ಕಷ್ಟ," ಎಂದ ಅಪ್ಪ. "ಹಿಂಗಾರಿಗೆ ಕೆರೆಯ ಪಕ್ಕದ ಹೊಲಕ್ಕೂ ಕಡಲೆಯನ್ನೇ ಹಾಕಬೇಕೆಂದಿದ್ದೇನೆ."