‘ನೀವು ಯಾವ ಪಕ್ಷ?’ ಅಂತ ಕೇಳುವವರಿಗೆ

ರಾಜ್ಯಶಾಸ್ತ್ರ ಪಾಠ ಮಾಡುವವರಿಗೆ ಜನ ಕೇಳುವುದು ಎರಡೇ ಪ್ರಶ್ನೆ. ಈ ಸಲ ಯಾರು ಗೆಲ್ಲುತ್ತಾರೆ ಅನ್ನುವುದು ಒಂದು. ಅದನ್ನು ಇವತ್ತು ಬಿಟ್ಟುಬಿಡೋಣ. ಇನ್ನೊಂದು ಸ್ವಲ್ಪ ಸಲುಗೆ ಬೆಳೆದ ಮೇಲೆ, ದನಿ ತಗ್ಗಿಸಿ ಕೇಳುವಂಥದ್ದು: ‘ಅದೆಲ್ಲ ಇರಲಿ ಮೇಡಂ, ನೀವು ಯಾವ ಪಕ್ಷ?’ ನೆಂಟರು ಕೇಳುತ್ತಾರೆ, ಪಕ್ಕದ ಸೀಟಿನವರು ಕೇಳುತ್ತಾರೆ, ಎಲ್ಲರಿಗಿಂತ ಜಾಸ್ತಿ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ.

ನನಗೂ ಒಂದು ಒಲವು ಇದೆ. ಪ್ರತಿ ಚುನಾವಣೆಯಲ್ಲೂ ಓಟು ಹಾಕುತ್ತೇನೆ, ಫಲಿತಾಂಶದ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಆದರೆ ನನ್ನ ಕೈಕೆಳಗೆ ಓದುತ್ತಿರುವವರಿಗೆ ಮಾತ್ರ ಅದನ್ನು ಹೇಳುವುದಿಲ್ಲ. ಭಯ ಅಂತ ಕೆಲವರು ಅಂದುಕೊಳ್ಳುತ್ತಾರೆ, ಜಾಣತನ ಅಂತ ಇನ್ನು ಕೆಲವರು. ಎರಡೂ ಅಲ್ಲ.

ಗುಟ್ಟಿನ ಮತದಾನ ಯಾಕೆ ಬಂತು ಅನ್ನುವುದನ್ನು ನೆನೆಸಿಕೊಳ್ಳಿ. ಬ್ರಿಟನ್ನಿನಲ್ಲಿ 1872ರವರೆಗೆ ಓಟು ಹಾಕುವುದು ಅಂದರೆ ಎಲ್ಲರ ಎದುರಿಗೆ ಅಭ್ಯರ್ಥಿಯ ಹೆಸರು ಹೇಳುವುದು. ಯಾರು ಯಾರಿಗೆ ಹಾಕಿದರು ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಗೇಣಿದಾರ ಯಾರ ಹೆಸರು ಹೇಳಿದ ಅನ್ನುವುದು ಜಮೀನಿನ ಒಡೆಯನಿಗೆ ಗೊತ್ತಾಗದೆ ಇರುತ್ತಿರಲಿಲ್ಲ, ಗೊತ್ತಾದ ಮೇಲೆ ಮುಂದಿನ ವರ್ಷ ಆ ಗೇಣಿ ಉಳಿಯುತ್ತದೆ ಅನ್ನುವ ಭರವಸೆಯೂ ಇರಲಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ, ದಕ್ಷಿಣ ಆಸ್ಟ್ರೇಲಿಯಾಗಳು ಇದಕ್ಕೆ 1856ರಲ್ಲೇ ಕಾನೂನು ಮಾಡಿ, ಮರೆಯಲ್ಲಿ ಚೀಟಿಗೆ ಗುರುತು ಹಾಕುವ ಪದ್ಧತಿ ತಂದಿದ್ದವು. ಗುಟ್ಟು ಇರುವುದು ಬಲ ಇಲ್ಲದವನ ರಕ್ಷಣೆಗೆ. ಈಗ ನನ್ನ ಕ್ಲಾಸಿಗೆ ಬನ್ನಿ. ಅಲ್ಲಿ ಒಡೆಯನ ಜಾಗದಲ್ಲಿ ಇರುವವಳು ನಾನು, ಅಂಕ ಹಾಕುವ ಪೆನ್ನು ನನ್ನ ಕೈಯಲ್ಲಿದೆ. ಹಾಗಾಗಿ ನನ್ನ ಓಟಿನ ಗುಟ್ಟು ಅವರನ್ನು ಕಾಯುವುದಕ್ಕೆ ಇರುವಂಥದ್ದು.

ಇದನ್ನು ಕಲಿತದ್ದು ಒಂದು ತಪ್ಪು ಮಾಡಿ. ಪಾಠ ಶುರು ಮಾಡಿದ ಹೊಸತರಲ್ಲಿ, ಆಗ ಜೋರಾಗಿ ಚರ್ಚೆಯಲ್ಲಿದ್ದ ಒಂದು ನೀತಿಯ ಬಗ್ಗೆ ನನಗೆ ಅನ್ನಿಸಿದ್ದನ್ನೆಲ್ಲ ಕ್ಲಾಸಿನಲ್ಲಿ ಹೇಳಿಬಿಟ್ಟೆ. ಒಳ್ಳೆಯ ಹುರುಪಿನಲ್ಲಿದ್ದೆ. ಆ ಸಲದ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದರೆ ಒಂದರ ಹಿಂದೆ ಒಂದರಲ್ಲಿ ನನ್ನದೇ ಮಾತು, ನನ್ನದೇ ಉದಾಹರಣೆ. ಒಂದು ಪತ್ರಿಕೆಯನ್ನು ಇವತ್ತಿಗೂ ಮರೆತಿಲ್ಲ. ಮೊದಲ ನಾಲ್ಕು ಸಾಲು ನನಗೆ ಪೂರ್ತಿ ಎದುರಾದ ವಾದ. ಆಮೇಲೆ ಅದರ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ನಾನು ಹೇಳಿದ್ದನ್ನೇ ಅಚ್ಚುಕಟ್ಟಾಗಿ ಬರೆದಿತ್ತು. ಗೆರೆಯ ಅಡಿಯಲ್ಲಿದ್ದ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿದೆ. ಹೊಡೆದು ಹಾಕಿದ್ದೇ ಒಳ್ಳೆಯ ವಾದ. ಆ ಮಗು ಅದನ್ನು ಹೊಡೆದದ್ದು ನನ್ನಿಂದಾಗಿ. ಅವತ್ತು ತುಂಬ ಹೊತ್ತು ಸುಮ್ನೆ ಕೂತಿದ್ದೆ.

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1917ರಲ್ಲಿ ಮ್ಯೂನಿಕ್‌ನಲ್ಲಿ ವಿದ್ಯಾರ್ಥಿಗಳಿಗೆ ಮಾಡಿದ ಭಾಷಣದಲ್ಲಿ ಇದನ್ನೇ ಎತ್ತಿ ಹೇಳಿದ್ದರು: ಕ್ಲಾಸಿನಲ್ಲಿ ಮೇಷ್ಟರು ಮಾತಾಡುತ್ತಾರೆ, ಮಕ್ಕಳು ಸುಮ್ಮನೆ ಕೇಳಬೇಕು, ಹಾಗಿರುವಾಗ ಅಲ್ಲಿ ರಾಜಕೀಯ ಭಾಷಣ ಮಾಡುವುದು ಸರಿಯಲ್ಲ ಅಂತ. ಅದನ್ನು ಓದಿ ಎಷ್ಟೋ ವರ್ಷ ಆಗಿತ್ತು. ಆದರೆ ಮನಸ್ಸಿಗೆ ಇಳಿದದ್ದು ಆ ಅಡ್ಡಗೆರೆ ನೋಡಿದಾಗ.

ಈಗ ಬೇರೆ ಥರ ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ಒಂದು ಚುನಾವಣೆಯ ಲೆಕ್ಕ ಬರೆಯುತ್ತೇನೆ, ಹೆಸರು ಇಲ್ಲದೆ. ‘ಅ’ ಪಕ್ಷಕ್ಕೆ ಶೇ 48.8 ಓಟು, 295 ಸೀಟು. ‘ಆ’ ಪಕ್ಷಕ್ಕೆ ಶೇ 48.0 ಓಟು, 321 ಸೀಟು. ಸರ್ಕಾರ ಮಾಡಿದ್ದು ‘ಆ’. ಇದು ನ್ಯಾಯವಾ? ಹಾಳೆಯಲ್ಲಿ ಬರೆಯಿರಿ ಅನ್ನುತ್ತೇನೆ. ಬರೆದಾದ ಮೇಲೆ, ನಿಮಗೆ ಇಷ್ಟವಾದ ಪಕ್ಷವನ್ನು ಮನಸ್ಸಿನಲ್ಲೇ ‘ಅ’ ಜಾಗದಲ್ಲಿ ಇಡಿ, ಆಮೇಲೆ ‘ಆ’ ಜಾಗದಲ್ಲಿ ಇಡಿ, ನಿಮ್ಮ ಉತ್ತರ ಹಾಗೇ ಇರುತ್ತದಾ ನೋಡಿ ಅನ್ನುತ್ತೇನೆ. ಕ್ಲಾಸು ಒಮ್ಮೆಲೇ ಮೌನವಾಗುತ್ತದೆ. ಹಿಂದಿನ ಬೆಂಚಿನಲ್ಲಿ ಯಾರೋ ರಬ್ಬರ್ ತೆಗೆಯುತ್ತಾರೆ.

ಅದು 1951ರ ಬ್ರಿಟನ್ ಚುನಾವಣೆ. ಓಟು ಜಾಸ್ತಿ ಬಂದದ್ದು ಲೇಬರ್ ಪಕ್ಷಕ್ಕೆ, ಪ್ರಧಾನಿಯಾದದ್ದು ಕನ್ಸರ್ವೇಟಿವ್ ಪಕ್ಷದ ಚರ್ಚಿಲ್. ಪ್ರತಿ ಕ್ಷೇತ್ರದಲ್ಲೂ ಮುಂದೆ ಇದ್ದವರೇ ಗೆಲ್ಲುವ ಪದ್ಧತಿಯಲ್ಲಿ, ಕೆಲವು ಕಡೆ ರಾಶಿ ರಾಶಿ ಅಂತರದಿಂದ ಗೆಲ್ಲುವುದಕ್ಕಿಂತ ಜಾಸ್ತಿ ಕಡೆ ಸ್ವಲ್ಪ ಅಂತರದಿಂದ ಗೆಲ್ಲುವುದೇ ಲಾಭ, ಅದರಿಂದ ಹೀಗಾಗುತ್ತದೆ. ನ್ಯೂಜಿಲೆಂಡಿನಲ್ಲಿ 1978, 1981 ಎರಡೂ ಸಲ ಇದೇ ಆಯಿತು. ಕೊನೆಗೆ 1993ರಲ್ಲಿ ಜನಮತ ಕೇಳಿ ಚುನಾವಣಾ ಪದ್ಧತಿಯನ್ನೇ ಬದಲಾಯಿಸಿದರು. ಇದು ಸರಿಯೋ ತಪ್ಪೋ ಅಂತ ಮಕ್ಕಳು ಗಂಟೆ ಹೊಡೆದ ಮೇಲೂ ಜಗಳವಾಡುತ್ತಾರೆ. ನನಗೆ ಬೇಕಾದದ್ದು ಅದೇ ಜಗಳ.

ಸಂಶೋಧನೆಯಲ್ಲೂ ಈ ಒಲವು ಬಿಡುವುದಿಲ್ಲ. ಅಮೆರಿಕದಲ್ಲಿ ಹಣದುಬ್ಬರ 1980ರಲ್ಲಿ ಶೇ 13.5 ಇದ್ದದ್ದು 1988ರ ಹೊತ್ತಿಗೆ ಶೇ 4.1ಕ್ಕೆ ಇಳಿದಿತ್ತು. ರಿಪಬ್ಲಿಕನ್ ಪಕ್ಷದ ರೇಗನ್ ಅಧ್ಯಕ್ಷರಾಗಿದ್ದ ಕಾಲ ಅದು. ಆ ವರ್ಷದ ಸಮೀಕ್ಷೆಯಲ್ಲಿ ಕೇಳಿದರೆ, ಎದುರಿನ ಡೆಮಾಕ್ರಟಿಕ್ ಪಕ್ಷದ ಕಟ್ಟಾ ಬೆಂಬಲಿಗರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬೆಲೆ ಏರಿಕೆ ಇನ್ನೂ ಹದಗೆಟ್ಟಿದೆ ಅಂದರು! ಸುಳ್ಳು ಹೇಳಬೇಕು ಅಂತ ಅಂದದ್ದಲ್ಲ, ಅವರಿಗೆ ಹಾಗೇ ಕಂಡಿತ್ತು. ರಾಜಕೀಯ ವಿಜ್ಞಾನಿ ಲ್ಯಾರಿ ಬಾರ್ಟೆಲ್ಸ್ ಇದನ್ನು ಬಿಡಿಸಿ ತೋರಿಸಿದ್ದಾರೆ. ಡೆಮಾಕ್ರಟಿಕ್ ಪಕ್ಷದ ಕ್ಲಿಂಟನ್ ಕಾಲದಲ್ಲಿ ಬಜೆಟ್ ಕೊರತೆ ಇಳಿದಾಗ ರಿಪಬ್ಲಿಕನ್ ಕಡೆಯವರಿಗೂ ಇದೇ ಆಯಿತು. ನನಗೂ ಆಗಿದೆ. ಒಮ್ಮೆ ನಾನು ಮಾಡಿದ ಕೋಷ್ಟಕ ನನ್ನ ಅನಿಸಿಕೆಗೆ ಸರಿಯಾಗಿ ಹೊಂದಿತು, ಖುಷಿಯಿಂದ ಮುಂದೆ ಹೋದೆ. ಎರಡನೇ ಕೋಷ್ಟಕ ಹೊಂದಲಿಲ್ಲ, ಎರಡು ದಿನ ಕೂತು ಸಾಲು ಸಾಲು ತಡಕಿದೆ, ತಪ್ಪು ಸಿಗಲಿಲ್ಲ. ತಪ್ಪು ಇದ್ದದ್ದು ಮೊದಲನೆಯದರಲ್ಲಿ. ಒಂದಷ್ಟು ಕ್ಷೇತ್ರಗಳು ಎರಡೆರಡು ಸಲ ಸೇರಿಕೊಂಡಿದ್ದವು, ಇಷ್ಟವಾದ ಉತ್ತರ ಕೊಟ್ಟಿತ್ತು ಅಂತ ನಾನು ತಿರುಗಿಯೂ ನೋಡಿರಲಿಲ್ಲ. ಅವತ್ತಿನಿಂದ ಅಂಕಿಅಂಶದ ಫೈಲು ತೆರೆಯುವ ಮೊದಲು ಒಂದು ಹಾಳೆಯಲ್ಲಿ ಬರೆದಿಡುತ್ತೇನೆ: ನನಗೆ ಏನು ಸಿಗಬೇಕು ಅನ್ನಿಸುತ್ತಿದೆ, ಏನು ಸಿಕ್ಕರೆ ನಾನು ತಪ್ಪು ಅಂತ ಒಪ್ಪಿಕೊಳ್ಳಬೇಕು.

ಹಾಗಂತ ಎಲ್ಲದಕ್ಕೂ ‘ಎರಡೂ ಕಡೆ ಸರಿ ಇದೆ’ ಅನ್ನುವವಳು ನಾನಲ್ಲ. ಓಟು ಎಣಿಕೆಯಲ್ಲಿ ಮೋಸ ನಡೆದರೆ ಅದು ಮೋಸ, ಯಾರು ಮಾಡಿದರೂ. ಒಬ್ಬ ವಿದ್ಯಾರ್ಥಿಯ ಜಾತಿಯನ್ನೋ ಧರ್ಮವನ್ನೋ ಎತ್ತಿ ಇನ್ನೊಬ್ಬ ಅವಮಾನ ಮಾಡಿದರೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಇಂಥಲ್ಲಿ ಸುಮ್ಮನಿರಲು ನನಗೆ ಬರುವುದಿಲ್ಲ.

ಪಟ್ಟು ಬಿಡದೆ ಕೇಳುವವರಿಗೆ ಒಂದು ಮಾತು ಕೊಟ್ಟಿರುತ್ತೇನೆ: ಕೊನೆಯ ಅಂಕಪಟ್ಟಿ ಕೈಗೆ ಬಂದ ಮೇಲೆ ಬನ್ನಿ, ಹೇಳುತ್ತೇನೆ. ಹೆಚ್ಚಿನವರು ಮರೆತುಬಿಡುತ್ತಾರೆ. ಹೋದ ವರ್ಷ ಒಬ್ಬಳು ಕೆಲಸಕ್ಕೆ ಸೇರಿದ ಮೇಲೆ ನೆನಪಿಟ್ಟುಕೊಂಡು ಬಂದಳು. ಕೂರುವುದಕ್ಕೂ ಮೊದಲೇ ‘ಈಗ ಹೇಳಿ ಮೇಡಂ’ ಅಂದಳು. ಹೇಳಿದೆ. ‘ಅಯ್ಯೋ, ಅವರಿಗಾ? ಯಾಕೆ?’ ಅಂತ ಬ್ಯಾಗ್ ಕೆಳಗಿಟ್ಟು ಎದುರಿಗೆ ಕೂತಳು. ಕತ್ತಲಾಗುವವರೆಗೂ ನನ್ನ ಜೊತೆ ವಾದ ಮಾಡಿದಳು, ಒಂದು ಮಾತನ್ನೂ ಬಿಟ್ಟುಕೊಡಲಿಲ್ಲ.