ಇನ್ನೊಂದು ಸುತ್ತು

ಗೆಳೆಯನಿಗೆ ಪೈಲಟ್ ಲೈಸೆನ್ಸ್ ಸಿಕ್ಕಿ ವರ್ಷವೂ ಆಗಿರಲಿಲ್ಲ. ಫ್ಲೈಯಿಂಗ್ ಕ್ಲಬ್ಬಿನ ಸೆಸ್ನಾ 172 ಎಂಬ ಪುಟ್ಟ ವಿಮಾನ ತೆಗೆದುಕೊಂಡು, ನಾವೆಲ್ಲ ಸೇರಿದ್ದ ಬಯಲಿನ ಮೇಲೆ ಒಂದು ಸುತ್ತು ಬರುತ್ತೇನೆ ಎಂದಿದ್ದ. ಕೆಳಗೆ ಎಂಟು ಜನ ನಿಂತಿದ್ದೆವು. ನಾನೂ ಅದೇ ಕ್ಲಬ್ಬಿನಲ್ಲಿ ಕಲಿಯುತ್ತಿದ್ದೆ, 22 ಗಂಟೆ ಹಾರಿದ್ದೆ. ಅಂದರೆ, ಅವನು ಏನು ಮಾಡುತ್ತಿದ್ದಾನೆಂದು ಅರ್ಥವಾಗುವಂತಿದ್ದದ್ದು ಅಲ್ಲಿ ನನಗೊಬ್ಬನಿಗೇ.

ಮೊದಲ ಸಲ ಎತ್ತರದಲ್ಲೇ ಹೋದ. ನಾವು ಕೈ ಬೀಸಿದೆವು, ಅವನು ರೆಕ್ಕೆ ಆಡಿಸಿದ. ಎರಡನೇ ಸಲ ಎಷ್ಟು ಕೆಳಗೆ ಬಂದನೆಂದರೆ ಚಕ್ರಕ್ಕೆ ಮೆತ್ತಿದ್ದ ಮಣ್ಣೂ ಕಾಣಿಸಿತು. ಊರಿನ ಮೇಲಾದರೆ ಅತಿ ಎತ್ತರದ ಅಡೆತಡೆಗಿಂತ 1000 ಅಡಿ ಮೇಲಿರಬೇಕು, ಬೇರೆ ಕಡೆ 500 ಅಡಿಗಿಂತ ಕೆಳಗಿಳಿಯಬಾರದು. ಇದನ್ನು ಹಿಂದಿನ ತಿಂಗಳಷ್ಟೇ ಪರೀಕ್ಷೆಯಲ್ಲಿ ಬರೆದು ಬಂದಿದ್ದ ನಾನು ಫೋನ್ ಎತ್ತಿ ವೀಡಿಯೊ ಮಾಡುತ್ತಿದ್ದೆ.

ಬಯಲಿನ ಅಂಚಿನಲ್ಲಿ ಕರೆಂಟ್ ಕಂಬಗಳಿದ್ದವು. ಮೇಲಿನಿಂದ ನೋಡಿದರೆ ಕಂಬ ಕಾಣುತ್ತದೆ, ತಂತಿ ಕಾಣುವುದಿಲ್ಲ. ನನಗೆ ಭಯವಾಗಿದ್ದರೆ ಅದೊಂದೇ. ಆದರೆ ತಂತಿ ಅವನಿಗೆ ಏನೂ ಮಾಡಲಿಲ್ಲ. ಮೂರನೇ ಸಲ ನಮ್ಮ ತಲೆಯ ಮೇಲೆ ಹಾದು, ನಾವು ಕಣ್ಣಿಂದ ಮರೆಯಾಗಬಾರದೆಂದೋ ಏನೋ, ವಿಮಾನವನ್ನು ಎಡಕ್ಕೆ ವಿಪರೀತ ವಾಲಿಸಿ ತಿರುಗಿಸಿದ. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆ ಹೊರಬೇಕಾದ ಭಾರ ಎರಡು ಪಟ್ಟಾಗುತ್ತದೆ. ನೇರ ಹಾರಾಟದಲ್ಲಿ ಸುಮಾರು 50 ನಾಟ್ ವೇಗದಲ್ಲಿ ಸ್ಟಾಲ್ ಆಗುವ ವಿಮಾನ ಆಗ 70ರಲ್ಲೇ ಸ್ಟಾಲ್ ಆಗುತ್ತದೆ. ಸ್ಟಾಲ್ ಅಂದರೆ, ಎಂಜಿನ್ ಎಷ್ಟೇ ಚೆನ್ನಾಗಿ ಓಡುತ್ತಿರಲಿ, ರೆಕ್ಕೆ ಗಾಳಿಯ ಮೇಲಿನ ಹಿಡಿತ ಬಿಟ್ಟುಬಿಡುವುದು. ಮೇಲಿದ್ದರೆ ಮೂಗು ತಗ್ಗಿಸಿ, ಕೆಲವು ನೂರು ಅಡಿ ಇಳಿದು ಸುಧಾರಿಸಿಕೊಳ್ಳಬಹುದು. ಅವನ ಕೆಳಗೆ ನೂರೈವತ್ತು ಅಡಿಯೂ ಇರಲಿಲ್ಲ.

ಎಡರೆಕ್ಕೆ ಥಟ್ಟನೆ ಕುಸಿಯಿತು. ಖಾಲಿ ಡ್ರಮ್ಮೊಂದು ಮೆಟ್ಟಿಲ ಮೇಲೆ ಉರುಳಿದಂಥ ಸದ್ದು, ಆಮೇಲೆ ಧೂಳು. ಬೆಂಕಿ ಹತ್ತಲಿಲ್ಲ, ಮೆತ್ತನೆಯ ಮಣ್ಣು ಅವನನ್ನು ಉಳಿಸಿತು ಅನ್ನಬೇಕು. ಓಡಿಹೋದಾಗ ರೆಕ್ಕೆಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಕಿಡಿ ಹಾರಬಾರದೆಂದು, ಒಡೆದ ಕಿಟಕಿಯಲ್ಲಿ ಕೈ ತೂರಿಸಿ, ವಿಮಾನದ ವಿದ್ಯುತ್ ಕಡಿಯುವ ಕೆಂಪು ಮಾಸ್ಟರ್ ಸ್ವಿಚ್ ಆರಿಸಿದೆ. ಅಂದು ನಾನು ಮಾಡಿದ ಸರಿಯಾದ ಕೆಲಸ ಅದೊಂದೇ. ಅವನು ನನ್ನ ಮುಖ ನೋಡಿ, "ಎಂಜಿನ್ ನಿಂತುಹೋಯ್ತು ಕಣೋ" ಅಂದ.

ಬೆನ್ನುಮೂಳೆ ಮುರಿದಿತ್ತು, ಎಡಗಾಲೂ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಇಂಥದೇ ಅಪಘಾತಗಳ ಬಗ್ಗೆ ಓದಿದೆ. ಬೇಸ್‌ಬಾಲ್ ಆಟಗಾರ ರಾಯ್ ಹ್ಯಾಲಡೇ 2017ರ ನವೆಂಬರ್ 7ರಂದು ಫ್ಲಾರಿಡಾದ ಬಳಿ ಸಮುದ್ರದ ಮೇಲೆ ತನ್ನದೇ ಪುಟ್ಟ ವಿಮಾನದಲ್ಲಿ ಹೀಗೇ ಕೆಳಗೆ ಕಸರತ್ತು ಮಾಡುತ್ತ ಸತ್ತದ್ದು. ಅವನ ದೇಹದಲ್ಲಿ ಅಮಲು ತರಿಸುವ ಔಷಧಿಗಳಿದ್ದವಂತೆ. ನಮ್ಮವನು ಬೆಳಿಗ್ಗೆಯಿಂದ ಕುಡಿದದ್ದು ಬರೀ ನೀರು. ಅವನಿಗೆ ಅಮಲೇರಿಸಿದ್ದು ಬೇರೆಯೇ.

ತನಿಖೆಗೆ ಬಂದವರು ಎಸ್ ಆಕಾರಕ್ಕೆ ತಿರುಚಿಕೊಂಡಿದ್ದ ಪ್ರೊಪೆಲರ್ ಎಲೆಗಳನ್ನು ತೋರಿಸಿದರು. ಎಂಜಿನ್ ಬಲವಾಗಿ ತಿರುಗುತ್ತಿರುವಾಗ ನೆಲಕ್ಕೆ ಬಡಿದರೆ ಹೀಗಾಗುತ್ತದೆ ಎಂದರು. ವೀಡಿಯೊ ಕೇಳಿದರು. ಅವರೆದುರೇ ಹಾಕಿದೆ. ಕೊನೆಯ ಕ್ಷಣದವರೆಗೂ ಎಂಜಿನ್ ಸದ್ದು ಸ್ಪಷ್ಟವಾಗಿತ್ತು. ಅದರ ಮೇಲೆ ಎಲ್ಲರಿಗಿಂತ ಜೋರಾಗಿ ನನ್ನ ದನಿ: "ಇನ್ನೊಂದ್ಸಲ! ಇನ್ನೂ ಕೆಳಗೆ!" ವಿಮಾನದೊಳಗೆ ಅದು ಕೇಳಿಸಿರಲು ಸಾಧ್ಯವೇ ಇಲ್ಲ. ಅಧಿಕಾರಿಯೂ ಅದನ್ನೇ ಹೇಳಿದರು, ನಾನು ಕೇಳದಿದ್ದರೂ.

ಅವನೀಗ ಕೋಲು ಹಿಡಿದು ನಡೆಯುತ್ತಾನೆ. ಸಿಕ್ಕಾಗಲೆಲ್ಲ ಎಂಜಿನ್ ನಿಂತ ಕಥೆ ಹೇಳುತ್ತಾನೆ, ನಾನು ತಲೆಯಾಡಿಸುತ್ತೇನೆ. ವೀಡಿಯೊ ಇನ್ನೂ ನನ್ನ ಫೋನಿನಲ್ಲೇ ಇದೆ. ಅವನು ಕೇಳಿಲ್ಲ.